ಮೋಟಾರ್ ಬೋಟ್ ಕೊಳ್ಳಬೇಕಾ, ಬೇಡವಾ? ತುಂಗಭದ್ರೆ ದಂಡೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುನಿರಾಬಾದ್ ಕಡೆ ಔಟ್‌ಬೋರ್ಡ್ ಮೋಟಾರು (ಬೋಟಿನ ಹಿಂದೆ ಹೊರಗಡೆ ಕೂರಿಸುವ ಎಂಜಿನ್), ಪಂಪ್‌ಸೆಟ್ ಎಂಜಿನ್ ರಿಪೇರಿ ಮಾಡುತ್ತೇನೆ. ತುಂಗಭದ್ರಾ ಡ್ಯಾಂ ತುಂಬಿತು, ಗೇಟು ಎತ್ತಿದರು ಅಂದರೆ ಸಾಕು, ಬೋಟಿನ ಮಾತು ಶುರುವಾಗುತ್ತದೆ. ಕೊಪ್ಪಳದ ಕಾಲೇಜು ಹುಡುಗರು, ಗಂಗಾವತಿಯ ಅಕ್ಕಿ ಮಿಲ್ಲಿನವರು, ಬಳ್ಳಾರಿಯ ಗಣಿ ಲಾರಿ ಮಾಲೀಕರು, ರಾಯಚೂರಿನಿಂದ ಪತ್ರ ಬರೆಯುವ ಒಬ್ಬ ನಿವೃತ್ತ ಮೇಷ್ಟ್ರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲ ಮಾತು

"ಅಮೆರಿಕದಾಗ ಮಂದಿ ಬೋಟ್ ಬಿಡಾಕತ್ತಾರಂತ, ಖರೇನಾ ಅಣ್ಣಾ?"

ಹೌದು. ಅಲ್ಲಿ 2005ರಲ್ಲಿ ನೋಂದಣಿಯಾದ ಬೋಟುಗಳು ಸುಮಾರು 1 ಕೋಟಿ 29 ಲಕ್ಷ ಇದ್ದವು. 2020ರ ಹೊತ್ತಿಗೆ 1 ಕೋಟಿ 18 ಲಕ್ಷಕ್ಕೆ ಇಳಿದವು. ಅಷ್ಟು ವರ್ಷದಲ್ಲಿ ಜನ ಜಾಸ್ತಿಯಾದರು, ಬೋಟು ಕಮ್ಮಿಯಾದವು. ಹೊಸ ಬೋಟಿನ ವ್ಯಾಪಾರವಂತೂ 1980ರ ದಶಕದ ಕೊನೆಯಲ್ಲಿ ಇದ್ದಷ್ಟು ಮತ್ತೆ ಆಗಲೇ ಇಲ್ಲ. 2008ರ ಆರ್ಥಿಕ ಕುಸಿತದಲ್ಲಿ ಅದು ಇನ್ನೂ ನೆಲ ಕಚ್ಚಿತು.

ನಡುವೆ ಕೊರೊನಾ ಬಂದಾಗ ಒಂದು ಅಲೆ ಎದ್ದಿತು. ಸಿನಿಮಾ ಇಲ್ಲ, ಪ್ರವಾಸ ಇಲ್ಲ, ಮನೆಮಂದಿಯೆಲ್ಲ ನೀರಿಗೆ ಇಳಿದರು. 2020ರಲ್ಲಿ ಒಂದೇ ವರ್ಷ 3 ಲಕ್ಷಕ್ಕೂ ಜಾಸ್ತಿ ಹೊಸ ಮೋಟಾರ್ ಬೋಟು ಮಾರಾಟವಾದವು. 2022ರಿಂದ ಬಡ್ಡಿ ಏರಿತು, ಬೆಲೆ ಏರಿತು, ವ್ಯಾಪಾರ ಮತ್ತೆ ಇಳಿಯಿತು. ಆ ಎರಡು ವರ್ಷದ ಉತ್ಸಾಹ ನೋಡಿ "ಬೋಟಿಗೆ ಒಳ್ಳೆ ಕಾಲ ಬಂತು" ಅಂತ ನಂಬಿದವರೇ ಇವತ್ತು ಮಾರುವವರ ಸಾಲಿನಲ್ಲಿ ಮುಂದೆ ಇದ್ದಾರೆ.

"ನಮ್ಮ ಕಡೆ ಬೋಟ್ ಇದ್ದದ್ದಾದರೂ ಯಾವಾಗ, ಕಡಿಮಿ ಆಗಾಕ?"

ಮೋಜಿಗೆ ಅಂತ ಸ್ವಂತ ಮೋಟಾರ್ ಬೋಟು ಇಟ್ಟವರು ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಯಾವತ್ತೂ ಬೆರಳೆಣಿಕೆ. ಆದರೆ ದೋಣಿ ಇಟ್ಟವರು ಕಮ್ಮಿ ಇರಲಿಲ್ಲ. ನಮ್ಮದು ಹರಗೋಲಿನ ಸೀಮೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗುಂದಿಗೆ ದಾಟಲು ಬುಟ್ಟಿಯಂಥ ದುಂಡು ದೋಣಿ ಇದ್ದವು, ಹೊರಗೆ ಚರ್ಮ ಹೊದಿಸಿದ್ದರು, ಹದಿನೈದು ಇಪ್ಪತ್ತು ಮಂದಿ ಹಿಡಿಯುತ್ತಿದ್ದರು ಅಂತ ಬರೆದಿಟ್ಟಿದ್ದಾನೆ. ಅದೇ ಆಕಾರ ಇವತ್ತೂ ಆನೆಗುಂದಿ ಹತ್ತಿರದ ಸಾಣಾಪುರದಲ್ಲಿ ತೇಲುತ್ತಿದೆ.

ಕಡಿಮೆಯಾಗಿದ್ದು ಹೊಳೆ ದಾಟಿಸುವ ಈ ದೋಣಿಗಳ ಸಾಲು. ಬುಕ್ಕಸಾಗರ, ಕಡೇಬಾಗಿಲು ನಡುವೆ ಸೇತುವೆ ಬಂತು, ಆನೆಗುಂದಿಗೆ ಹೋಗುವವರು ಬೈಕಿನಲ್ಲೇ ಹೋದರು. ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರ ಮಾರ್ಚ್‌ನಲ್ಲಿ ಕೆಡವಿದರು. ಹಂಪಿಯಿಂದ ಅಲ್ಲಿಗೆ ಓಡಾಡುತ್ತಿದ್ದ ಮೋಟಾರ್ ಬೋಟಿಗೆ ಗಿರಾಕಿ ಹೋದರು. ಸೇತುವೆ ಬಂದದ್ದು ಒಳ್ಳೆಯದೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನೀರಿನ ಮೇಲೆ ಕೈ ಪಳಗಿದವರ ಮನೆಯಲ್ಲಿ ಮುಂದಿನ ತಲೆಮಾರು ಹುಟ್ಟು ಹಿಡಿಯುತ್ತಿಲ್ಲ. ಅದು ನನಗೆ ಸಂಕಟದ ವಿಷಯ.

"ಈಗಿನ ಹುಡುಗ್ರು ಬರೇ ಮೊಬೈಲ್ ಹಿಡ್ಕೊಂಡು ಕೂತಾರ, ಅದಕ್ಕ ಅಲ್ವಾ?"

ಅಲ್ಲ. ಈ ಮಾತು ನನಗೆ ಹಿಡಿಸುವುದೇ ಇಲ್ಲ. ರಜೆ ದಿನ ಸಾಣಾಪುರ ಕೆರೆಗೆ ಹೋಗಿ ನೋಡಿ. ಹರಗೋಲು ಹತ್ತಲು ಸಾಲಾಗಿ ನಿಂತವರಲ್ಲಿ ಮುಕ್ಕಾಲು ಪಾಲು ಹುಡುಗ ಹುಡುಗಿಯರೇ. ಅವರಿಗೆ ನೀರು ಬೇಕು, ದೋಣಿಯ ಮಾಲೀಕತ್ವ ಬೇಡ. ಸಂಬಳ, ಮನೆ ಬಾಡಿಗೆ, ಬೈಕ್ ಕಂತು ಲೆಕ್ಕ ಹಾಕಿದವರಿಗೆ ವರ್ಷದಲ್ಲಿ ಕೆಲವೇ ದಿನ ಓಡುವ ವಸ್ತುವಿಗೆ ಲಕ್ಷಗಟ್ಟಲೆ ಹಾಕುವುದು ಸರಿ ಕಾಣುವುದಿಲ್ಲ. ಅದರಲ್ಲಿ ತಪ್ಪೇನಿದೆ?

## ದುಡ್ಡಿನ ಲೆಕ್ಕ, ನೀರಿನ ಲೆಕ್ಕ

"ಹಿನ್ನೀರು ಸಮುದ್ರದಂಗ ಐತಿ. ಬೋಟ್ ಓಡಿಸಾಕ ಏನ್ ಅಡ್ಡಿ?"

ಸೆಪ್ಟೆಂಬರ್‌ನಲ್ಲಿ ಬಂದು ನೋಡಿದವರು ಕೇಳುವ ಪ್ರಶ್ನೆ ಇದು. ತುಂಬಿದಾಗ ತುಂಗಭದ್ರಾ ಜಲಾಶಯದ ಮಟ್ಟ 1,633 ಅಡಿ, ನೀರು ಹರಡುವ ಜಾಗ ಸುಮಾರು 378 ಚದರ ಕಿಲೋಮೀಟರ್. ದಂಡೆಯಲ್ಲಿ ನಿಂತರೆ ಆಚೆ ದಡ ಕಾಣುವುದಿಲ್ಲ. ಅದೇ ಜಾಗಕ್ಕೆ ಏಪ್ರಿಲ್‌ನಲ್ಲಿ ಬನ್ನಿ. ನೀರು ಕಾಲುವೆ ಪಾಲಾಗಿ, ದಡದಿಂದ ಬಹಳ ದೂರ ಬಿರುಕು ಬಿಟ್ಟ ಕೆಸರು ನೆಲ. ಬೋಟನ್ನು ಎಲ್ಲಿ ಕಟ್ಟಿದ್ದಿರೋ ಅಲ್ಲಿ ದನ ಮೇಯುತ್ತಿರುತ್ತವೆ.

ಈ ಡ್ಯಾಂ ಕಟ್ಟಿದ್ದು ಭತ್ತಕ್ಕೆ, ಕುಡಿಯುವ ನೀರಿಗೆ, ಕರೆಂಟಿಗೆ. ಹಾಗೇ ಇರಬೇಕು. ಶುರುವಿನಲ್ಲಿ 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ 105 ಟಿಎಂಸಿ ಚಿಲ್ಲರೆಗೆ ಬಂದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು. ಮರುವರ್ಷ ಗೇಟುಗಳ ಸ್ಥಿತಿ ನೋಡಿ 80 ಟಿಎಂಸಿಗಷ್ಟೇ ನೀರು ನಿಲ್ಲಿಸಿದರು. ಇಂಥ ವರ್ಷ ರೈತನೇ ಎರಡನೇ ಬೆಳೆ ಬಿಟ್ಟು ಕೂರಬೇಕು. ಬೋಟಿನವನ ಮಾತು ಯಾರು ಕೇಳುತ್ತಾರೆ?

ಇನ್ನೊಂದು ಸಂಗತಿ ಮೇಲಿನಿಂದ ಕಾಣುವುದಿಲ್ಲ. ಹಿನ್ನೀರಿನ ಅಡಿಯಲ್ಲಿ ಮುಳುಗಿದ ಊರುಗಳ ಗೋಡೆ, ಮರದ ಬುಡ ಇವೆ. ಮೇಲುಗಡೆ ಮೀನುಗಾರರ ಬಲೆ. ನೀರು ಇಳಿಯುತ್ತಾ ಬಂದಂತೆ ನಿನ್ನೆ ದಾಟಿದ ದಾರಿಯಲ್ಲಿ ಇವತ್ತು ಮೋಟಾರಿನ ಫ್ಯಾನು (ನೀರು ತಳ್ಳುವ ಪ್ರೊಪೆಲ್ಲರ್) ಬಡಿಯುತ್ತದೆ. ನನ್ನ ಹತ್ತಿರ ಬರುವ ಮೋಟಾರುಗಳಲ್ಲಿ ಎಂಜಿನ್ ಕೆಟ್ಟದ್ದಕ್ಕಿಂತ ಫ್ಯಾನಿನ ರೆಕ್ಕೆ ಮುರಿದದ್ದು, ಶಾಫ್ಟಿಗೆ ಬಲೆಯ ನೈಲಾನ್ ದಾರ ಸುತ್ತಿ ಸೀಲ್ ಹರಿದದ್ದೇ ಜಾಸ್ತಿ.

"ತಾಸಿಗೆ ಎಷ್ಟ್ ಪೆಟ್ರೋಲ್ ಕುಡೀತದ್ರಿ?"

ಒಂದು ಅಂದಾಜು ಹೇಳುತ್ತೇನೆ. 40 ಎಚ್‌ಪಿ ಫೋರ್ ಸ್ಟ್ರೋಕ್ ಮೋಟಾರನ್ನು ಪೂರ್ತಿ ಎಳೆದರೆ ತಾಸಿಗೆ ಸುಮಾರು 15 ಲೀಟರ್. ಲೀಟರಿಗೆ ನೂರರ ಮೇಲೆ ಹಿಡಿದರೆ ಒಂದೂವರೆ ಸಾವಿರ ದಾಟಿತು. 100 ಎಚ್‌ಪಿ ಅಂದರೆ 38 ಲೀಟರ್ ಹತ್ತಿರ. ಅರ್ಧ ವೇಗದಲ್ಲಿ ಹೋದರೆ ಬಹಳ ಉಳಿಯುತ್ತದೆ, ಆದರೆ ಸ್ಪೀಡ್ ಬೋಟು ಕೊಂಡವರು ಅರ್ಧ ವೇಗದಲ್ಲಿ ಹೋದದ್ದನ್ನು ನಾನು ಕಂಡಿಲ್ಲ.

"ಈಗ ಬರೋ ಪೆಟ್ರೋಲ್ ಬೋಟಿಗೆ ನಡೀತದೇನು?"

ನಡೆಯುತ್ತದೆ, ನಿಲ್ಲಿಸಿಟ್ಟರೆ ಕೆಡಿಸುತ್ತದೆ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲು. ಬಹಳಷ್ಟು ಔಟ್‌ಬೋರ್ಡ್ ಕಂಪನಿಗಳು ತಮ್ಮ ಕೈಪಿಡಿಯಲ್ಲಿ ಒಪ್ಪುವುದು 10 ಪಾಲಿನವರೆಗೆ ಮಾತ್ರ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತೇವ ಮಿತಿ ಮೀರಿದರೆ ನೀರು, ಎಥೆನಾಲ್ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ ಮೊದಲು ಹೀರುವುದು ಆ ತಳದ್ದನ್ನೇ.

ಕಾರಾದರೆ ವಾರದಲ್ಲಿ ಟ್ಯಾಂಕು ಖಾಲಿಯಾಗುತ್ತದೆ, ತೊಂದರೆ ಕಾಣುವುದಿಲ್ಲ. ಬೋಟು ತಿಂಗಳುಗಟ್ಟಲೆ ನಿಂತಿರುತ್ತದೆ. ಹಾಗಾಗಿ ಸೀಸನ್ ಮುಗಿದ ದಿನವೇ ಟ್ಯಾಂಕು ಪೂರ್ತಿ ಖಾಲಿ ಮಾಡಿ. ಪೈಪು ಬಿಚ್ಚಿ, ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ, ಕಾರ್ಬುರೇಟರ್ ಒಣಗಿಸಿ. ಓಡಿಸುವಾಗ ಕೆಳಗಿನ ಭಾಗ ಡ್ರಮ್ಮಿನ ನೀರಿನಲ್ಲಿ ಮುಳುಗಿರಲಿ. ಒಣಗೇ ಓಡಿಸಿದರೆ ನೀರು ಎಳೆಯುವ ರಬ್ಬರ್ ಇಂಪೆಲ್ಲರ್ ನಿಮಿಷದೊಳಗೆ ಸುಟ್ಟುಹೋಗುತ್ತದೆ.

"ಟ್ಯಾಕ್ಸ್ ಎಷ್ಟು ಬೀಳ್ತದ?"

ಮೋಜಿನ, ಕ್ರೀಡೆಯ ಬೋಟುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 40 ಪರ್ಸೆಂಟ್. ಅದಕ್ಕೂ ಮೊದಲು 28 ಇತ್ತು. ಐದು ಲಕ್ಷದ ಬೋಟಿಗೆ ಎರಡು ಲಕ್ಷ ತೆರಿಗೆಗೇ ಹೋಯಿತು.

ಅಮೆರಿಕದಲ್ಲಿ 1991ರಲ್ಲಿ ಒಂದು ಲಕ್ಷ ಡಾಲರ್ ಮೀರಿದ ಬೋಟಿಗೆ, ಮೀರಿದ ಮೊತ್ತದ ಮೇಲೆ 10 ಪರ್ಸೆಂಟ್ ಐಷಾರಾಮಿ ತೆರಿಗೆ ಹಾಕಿದ್ದರು. ಸಾಹುಕಾರರು ಕೊಳ್ಳುವುದನ್ನು ನಿಲ್ಲಿಸಿದರು, ಬೋಟು ಕಟ್ಟುವ ಕಾರ್ಮಿಕರ ಕೆಲಸ ಹೋಯಿತು ಅಂತ ದೊಡ್ಡ ಗಲಾಟೆಯಾಗಿ 1993ರಲ್ಲಿ ತೆಗೆದುಹಾಕಿದರು. ನಮ್ಮಲ್ಲಿ ಅಂಥ ಕೂಗು ಏಳುವಷ್ಟು ಬೋಟು ಕಾರ್ಖಾನೆಗಳೂ ಇಲ್ಲ, ಕೊಳ್ಳುವವರೂ ಇಲ್ಲ.

"ಗೋವಾ ಕಡೆಯಿಂದ ಹಳೇ ಬೋಟ್ ಅಗ್ಗಕ್ಕ ಬರ್ತದ. ತರಲಾ?"

ಕೊಳ್ಳುವವರು ಕಡಿಮೆಯಾದಾಗ ಹಳೆಯದು ಅಗ್ಗವಾಗುತ್ತದೆ, ನಿಜ. ಅಗ್ಗ ಅಂತ ಎತ್ತಿಕೊಂಡು ಬರಬೇಡಿ, ಮೊದಲು ಎರಡು ಜಾಗ ನೋಡಿ.

ಒಂದು, ಮೋಟಾರು ತೂಗಿ ನಿಲ್ಲುವ ಹಿಂದಿನ ಹಲಗೆ. ಹೊರಗೆ ಫೈಬರ್ ಇದ್ದರೂ ಹಳೆಯ ಬೋಟುಗಳಲ್ಲಿ ಒಳಗೆ ಪ್ಲೈವುಡ್ ಇರುತ್ತದೆ. ರೂಪಾಯಿ ನಾಣ್ಯದ ಅಂಚಿನಿಂದ ಮೇಲಿಂದ ಕೆಳಗೆ ಟಕ್ ಟಕ್ ಅಂತ ಬಡಿಯುತ್ತಾ ಬನ್ನಿ. ಗಟ್ಟಿ ದನಿ ಬರುತ್ತಿದ್ದದ್ದು ಒಂದು ಕಡೆ ಡಬ್ ಅಂತ ಮಂಕಾದರೆ ಅಲ್ಲಿ ಪ್ಲೈವುಡ್ ನೆನೆದು ಕೊಳೆತಿದೆ. ಬೋಲ್ಟಿನ ಸುತ್ತ ಕಂದು ನೀರು ಇಳಿದ ಗೆರೆ ಇದ್ದರೆ ಅನುಮಾನವೇ ಬೇಡ.

ಎರಡು, ಗೇರ್ ಎಣ್ಣೆ. ಮೋಟಾರಿನ ಬುಡದಲ್ಲಿ, ಫ್ಯಾನಿನ ಹತ್ತಿರ ಒಂದು ಸ್ಕ್ರೂ ಇರುತ್ತದೆ. ರಾತ್ರಿಯಿಡೀ ನಿಲ್ಲಿಸಿದ ಮೋಟಾರಿನಲ್ಲಿ ಬೆಳಿಗ್ಗೆ ಅದನ್ನು ಸಡಿಲ ಮಾಡಿ. ಮೊದಲ ಹನಿ ಬರೀ ನೀರಾಗಿದ್ದರೆ, ಇಲ್ಲ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಿದ್ದರೆ ಸೀಲ್ ಹೋಗಿ ಒಳಗೆ ನೀರು ಸೇರಿದೆ. ಸ್ಕ್ರೂ ತುದಿಯ ಅಯಸ್ಕಾಂತಕ್ಕೆ ಕಬ್ಬಿಣದ ಚೂರು ಅಂಟಿದ್ದರೆ ಗೇರೂ ಸವೆದಿದೆ. ಮಾರುವವರು "ನಿನ್ನೆ ತಾನೇ ಎಣ್ಣೆ ಬದಲಿಸಿದ್ದೀನಿ" ಅಂದರೆ ಒಂದು ತಾಸು ನೀರಲ್ಲಿ ಓಡಿಸಿ ಮತ್ತೆ ನೋಡಿ.

ಉಪ್ಪುನೀರಲ್ಲಿ ಓಡಿದ ಮೋಟಾರಾದರೆ ತಣ್ಣೀರು ಹರಿಯುವ ಸಂದಿಗಳಲ್ಲಿ ಉಪ್ಪು ಕಟ್ಟಿರುತ್ತದೆ. ಇನ್ನು ಎವಿನ್‌ರೂಡ್‌ನಂಥ ಹಳೆಯ ಹೆಸರು ಕಂಡರೆ ಬಿಡಿಭಾಗ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಓಲೆ ಎವಿನ್‌ರೂಡ್ 1909ರಲ್ಲಿ ಶುರುಮಾಡಿದ ಆ ಔಟ್‌ಬೋರ್ಡ್ ತಯಾರಿಕೆ 2020ರಲ್ಲಿ ನಿಂತೇ ಹೋಯಿತು.

## ಕಾಯ್ದೆ ಮತ್ತು ಜೀವ

"ನನ್ನ ದುಡ್ಡು, ನನ್ನ ಬೋಟು. ನೀರಿಗಿಳಿಸಾಕ ಯಾರ ಪರ್ಮಿಶನ್ ಯಾಕ?"

ಮೋಟಾರು ಕೂರಿಸಿದ ಮೇಲೆ ಅದು ವಾಹನ. ಒಳನಾಡು ಹಡಗುಗಳ ಕಾಯ್ದೆ 2021ರಲ್ಲಿ ಹೊಸದಾಗಿ ಬಂತು, 1917ರ ಹಳೆಯದು ಹೋಯಿತು. ಅದರ ಪ್ರಕಾರ ಯಂತ್ರದ ದೋಣಿಗೆ ತಪಾಸಣೆ, ನೋಂದಣಿ, ವಿಮೆ, ಓಡಿಸುವವನಿಗೆ ಅರ್ಹತೆಯ ಪತ್ರ ಎಲ್ಲ ಬೇಕು. ನಮ್ಮ ರಾಜ್ಯದಲ್ಲಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಬಾಗಿಲು ತಟ್ಟಬೇಕು. ಹುಟ್ಟಿನ ದೋಣಿಗೆ ಇಷ್ಟು ಕಟ್ಟುನಿಟ್ಟಿಲ್ಲ, ಆದರೂ ಸ್ಥಳೀಯ ಆಡಳಿತದ ಪಟ್ಟಿಯಲ್ಲಿ ಸೇರಬೇಕು.

ಜಲಾಶಯವೇ ಆದರೆ ತುಂಗಭದ್ರಾ ಮಂಡಳಿಯ ಅನುಮತಿ ಬೇರೆ. ಡ್ಯಾಂ ಗೋಡೆಯ ಹತ್ತಿರ ಸುಮ್ನೆ ಒಂದು ಸುತ್ತು ಹೊಡೆದು ಬರುತ್ತೇನೆ ಅನ್ನುವ ಯೋಚನೆಯನ್ನೇ ಬಿಟ್ಟುಬಿಡಿ.

"ಕೆಳಗ ಹೊಳಿಯಾಗ ಓಡಿಸಬಹುದಲ್ಲ, ಹಂಪಿ ಕಡೆ?"

ಡ್ಯಾಂ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ನದಿ ನೀರುನಾಯಿಗಳ ಸಂರಕ್ಷಿತ ಪ್ರದೇಶ. 2015ರಲ್ಲಿ ಘೋಷಣೆಯಾಯಿತು. ನೀರುನಾಯಿಗೆ ಅಂತಲೇ ಮೀಸಲಾದದ್ದು ದೇಶದಲ್ಲಿ ಇದೇ ಮೊದಲು. ಬಂಡೆ ಸಂದಿಯಲ್ಲಿ ಅವು ಮರಿ ಹಾಕುತ್ತವೆ, ಗುಂಪಾಗಿ ಮೀನು ಹಿಡಿಯುತ್ತವೆ. ಅಲ್ಲಿ ಎಂಜಿನ್ ಸದ್ದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ, ಬೋಟು ರಿಪೇರಿ ನನ್ನ ಹೊಟ್ಟೆಪಾಡಾದರೂ. ಅದೂ ಅಲ್ಲದೆ ಆ ಬಂಡೆಗಳ ನಡುವೆ ಫ್ಯಾನು ಎಷ್ಟು ಹೊತ್ತು ಉಳಿದೀತು?

"ಈಜು ಬರ್ತದ. ಲೈಫ್ ಜಾಕೆಟ್ ಯಾಕ?"

ತಲೆಗೆ ಪೆಟ್ಟು ಬಿದ್ದವನಿಗೆ ಈಜು ಬರುವುದಿಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ ಲೆಕ್ಕದಲ್ಲಿ ವರ್ಷ ವರ್ಷವೂ ಬೋಟ್ ಅಪಘಾತದಲ್ಲಿ ಮುಳುಗಿ ಸತ್ತವರಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಮಂದಿ ಜಾಕೆಟ್ ಹಾಕಿರಲಿಲ್ಲ. ಅವರಲ್ಲಿ ಈಜು ಬಲ್ಲವರೂ ಇದ್ದರು.

ನಮ್ಮಲ್ಲೇ 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕಲಾ ಬಳಿ ಕೃಷ್ಣೆಯಲ್ಲಿ ಹರಗೋಲು ಮಗುಚಿ ನಾಲ್ವರು ಕೊಚ್ಚಿಹೋದರು. ಅವರು ಮೋಜಿಗೆ ಹೊರಟವರಲ್ಲ, ಸಂತೆ ಸಾಮಾನು, ಮನೆ ಕೆಲಸ ಅಂತ ದಿನವೂ ಹೊಳೆ ದಾಟುವ ನಡುಗಡ್ಡೆಯ ಊರಿನ ಮಂದಿ. ಮೋಜಿಗೆ ಹೋಗುವವರಿಗೆ ಜಾಕೆಟ್ ಸಿಗುತ್ತದೆ, ಬದುಕಿಗೆ ಹೋಗುವವರಿಗೆ ಸಿಗುವುದಿಲ್ಲ. ಬೋಟು ಕೊಳ್ಳಲು ಹೊರಟವರ ಹತ್ತಿರ ನಾನು ಮೊದಲು ಹೇಳುವುದು, ನಿಮ್ಮ ಊರಿನ ಅಂಬಿಗರಿಗೆ ಹತ್ತು ಜಾಕೆಟ್ ಕೊಡಿಸಿ ಅಂತ.

## ಇನ್ನೂ ಆಳಕ್ಕೆ ಹೋಗುವವರಿಗೆ

"ನಾಲ್ಕು ಮಂದಿ ಗೆಳೆಯರು ಸೇರಿ ತಗೊಂಡ್ರ ಹೆಂಗ?"

ಒಬ್ಬನೇ ಕೊಳ್ಳುವುದಕ್ಕಿಂತ ಎಷ್ಟೋ ವಾಸಿ. ಜಗತ್ತು ಹೋಗುತ್ತಿರುವುದೂ ಆ ಕಡೆಗೇ. ಫ್ಲೋರಿಡಾದಲ್ಲಿ 1989ರಲ್ಲಿ ಶುರುವಾದ ಫ್ರೀಡಂ ಬೋಟ್ ಕ್ಲಬ್‌ನಲ್ಲಿ ಸದಸ್ಯರು ಚಂದಾ ಕಟ್ಟಿ, ಬೇಕಾದ ದಿನ ಬೋಟು ತೆಗೆದುಕೊಂಡು ಹೋಗುತ್ತಾರೆ. ತೊಳೆಯುವುದು, ರಿಪೇರಿ, ನಿಲ್ಲಿಸುವ ಜಾಗ ಎಲ್ಲ ಕ್ಲಬ್ಬಿನದು. 2019ರಲ್ಲಿ ಅದನ್ನು ಕೊಂಡದ್ದು ಬ್ರನ್ಸ್‌ವಿಕ್. ಮರ್ಕ್ಯುರಿ ಮೋಟಾರು, ಬೋಟುಗಳನ್ನು ತಯಾರಿಸಿ ಮಾರುವ ಕಂಪನಿಯೇ ಬಾಡಿಗೆ ಕ್ಲಬ್ ಕೊಂಡಿತು ಅಂದರೆ ಗಾಳಿ ಎತ್ತ ಬೀಸುತ್ತಿದೆ ಅಂತ ತಿಳಿಯುತ್ತದೆ.

ಗೆಳೆಯರ ನಡುವೆ ಮಾಡುವುದಾದರೆ ಬರವಣಿಗೆಯಲ್ಲಿ ಮಾಡಿ. ಯಾರ ಹೆಸರಲ್ಲಿ ನೋಂದಣಿ, ಫ್ಯಾನು ಮುರಿದರೆ ಓಡಿಸಿದವನ ಖರ್ಚೋ ಎಲ್ಲರದೋ, ಒಬ್ಬ ಹೊರಗೆ ಹೋದರೆ ಅವನ ಪಾಲು ಎಷ್ಟಕ್ಕೆ, ಇಷ್ಟಾದರೂ ಇರಲಿ. ಜಗಳ ಬರುವುದು ದೊಡ್ಡ ವಿಷಯಕ್ಕಲ್ಲ. ಖಾಲಿ ಟ್ಯಾಂಕು ಬಿಟ್ಟು ಹೋದದ್ದಕ್ಕೆ ಬರುತ್ತದೆ.

"ಬ್ಯಾಟರಿ ಮೋಟಾರ್ ಬಂದ ಮೇಲೆ ಮತ್ತ ಆಸಕ್ತಿ ಬರಬಹುದಾ?"

ನಿಧಾನದ ಬೋಟಿಗೆ ಬರಬಹುದು. ವೇಗದ್ದಕ್ಕೆ ಸದ್ಯಕ್ಕೆ ಕಷ್ಟ, ಕಾರಣ ಲೆಕ್ಕದಲ್ಲಿದೆ. 40 ಎಚ್‌ಪಿ ಅಂದರೆ 30 ಕಿಲೋವ್ಯಾಟ್. ಪೂರ್ತಿ ವೇಗದಲ್ಲಿ ಒಂದು ತಾಸು ಓಡಲು 30 ಯೂನಿಟ್ ಕರೆಂಟು ಬೇಕು. ಕಿಲೋಗೆ 150 ವ್ಯಾಟ್‌ ಅವರ್ ಹಿಡಿಯುವ ಲಿಥಿಯಂ ಬ್ಯಾಟರಿಯಾದರೆ ಅದೊಂದೇ 200 ಕಿಲೋ ಆಯಿತು. ಪೆಟ್ರೋಲಾದರೆ 15 ಲೀಟರಿನ ಒಂದು ಕ್ಯಾನು.

ಕಾರು ಒಮ್ಮೆ ವೇಗ ಹಿಡಿದರೆ ಸಲೀಸಾಗಿ ಉರುಳುತ್ತದೆ. ಬೋಟು ಹಾಗಲ್ಲ. ನೀರನ್ನು ತಳ್ಳುತ್ತಲೇ ಇರಬೇಕು. ವೇಗ ಬೇಕು ಅಂದರೆ ಮೂತಿ ಎತ್ತಿ ನೀರಿನ ಮೇಲಕ್ಕೆ ಹತ್ತಬೇಕು, ಆ ಹತ್ತುವ ಹಂತಕ್ಕೆ ಬಹಳ ಶಕ್ತಿ ಬೇಕು. ಭಾರದ ಬ್ಯಾಟರಿ ಹೊತ್ತರೆ ಹತ್ತುವುದು ಇನ್ನೂ ಕಷ್ಟ.

ಆದರೆ ತಾಸಿಗೆ ಐದಾರು ಕಿಲೋಮೀಟರ್ ಸಾಕು ಅನ್ನುವ ಸಣ್ಣ ದೋಣಿಗೆ ಒಂದು ಕಿಲೋವ್ಯಾಟ್ ಮೋಟಾರು ಧಾರಾಳ. 35 ಕಿಲೋದ ಬ್ಯಾಟರಿಯಲ್ಲಿ ನಾಲ್ಕೈದು ತಾಸು ನಡೆಯುತ್ತದೆ. ಕುರ್ವಾಪುರ, ನಾರದಗಡ್ಡೆಯಂಥ ಕೃಷ್ಣೆಯ ನಡುಗಡ್ಡೆಗಳಿಗೆ ಬೇಸಿಗೆಯ ನಿಂತ ನೀರಿನಲ್ಲಿ ಯಾತ್ರಿಕರನ್ನು ದಾಟಿಸಲು ಇದು ಚೆನ್ನಾಗಿ ಒದಗುತ್ತದೆ. ಪ್ರವಾಹದಲ್ಲಿ ಮಾತ್ರ ಇದನ್ನು ನಂಬಬೇಡಿ. ಸೆಳವಿಗೆ ಎದುರು ನಿಲ್ಲುವ ಬಲ ಇದಕ್ಕಿಲ್ಲ.

"ಹಂಗಾದ್ರ ನೀವ್ ಏನ್ ತಗೊಳ್ರಿ ಅಂತೀರಿ?"

ವರ್ಷಕ್ಕೆ ನಾಲ್ಕು ಸಲ ನೀರಿಗೆ ಹೋಗುವವರು ಬಾಡಿಗೆಗೆ ಹೋಗಿ. ಅಂಬಿಗರಿಗೂ ಒಂದು ದಿನದ ದುಡಿಮೆ. ಸ್ವಂತದ್ದೇ ಬೇಕು, ವಾರ ವಾರ ಹೋಗುತ್ತೇನೆ ಅನ್ನುವವರು ಒಂದು ಹರಗೋಲು ಮಾಡಿಸಿ. ಅದರ ತಳ ಚಪ್ಪಟೆ, ಮೊಳಕಾಲುದ್ದ ನೀರಿದ್ದರೂ ತೇಲುತ್ತದೆ. ನೀರು ಹಿಂದೆ ಸರಿದರೆ ಇಬ್ಬರು ತಲೆ ಮೇಲೆ ಹೊತ್ತು ಹೋಗಬಹುದು. ಈ ಸೀಮೆಯ ನೀರಿಗೆ ಇದಕ್ಕಿಂತ ಹೊಂದುವ ದೋಣಿ ನಾನು ನೋಡಿಲ್ಲ.

ಬಿದಿರನ್ನು ಉದ್ದಕ್ಕೆ ಸೀಳಿ ದಬ್ಬೆ ಮಾಡಿ, ನೆಲದ ಮೇಲೆ ಚಾಪೆಯಂತೆ ಅಡ್ಡ ಉದ್ದ ಹೆಣೆಯುತ್ತಾರೆ. ನಡುವೆ ಕಲ್ಲು ಹೇರಿ ಅಂಚುಗಳನ್ನು ಮೇಲಕ್ಕೆ ಬಗ್ಗಿಸುತ್ತಾರೆ. ಬಾಯಿಗೆ ದಪ್ಪ ದಬ್ಬೆಗಳ ಕಟ್ಟು. ಹಿಂದೆ ಹೊರಗೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ಕಾಸಿದ ಡಾಂಬರು. ಪ್ರತಿ ವರ್ಷ ಬೇಸಿಗೆಯಲ್ಲಿ ಬೋರಲು ಹಾಕಿ, ಬಿರುಕು ಬಿಟ್ಟ ಕಡೆ ಡಾಂಬರು ಬಳಿಯಬೇಕು. ಫೈಬರಿನದ್ದೂ ಸಿಗುತ್ತದೆ, ಬಾಳಿಕೆ ಜಾಸ್ತಿ, ಆದರೆ ಬಂಡೆಗೆ ತಾಗಿದರೆ ಬಿದಿರು ಬಾಗುತ್ತದೆ, ಫೈಬರ್ ಸೀಳುತ್ತದೆ.

"ಹರಗೋಲು ಗರಗರ ತಿರುಗ್ತದ, ನೆಟ್ಟಗೆ ಹೋಗೋದೇ ಇಲ್ಲ. ಕಲಿಯೋದು ಹೆಂಗ?"

ಪಾಯೆಸ್ ಕೂಡ ಇದನ್ನೇ ಬರೆದಿದ್ದ, ಸುತ್ತುತ್ತಲೇ ಹೋಗುತ್ತವೆ ಅಂತ. ಹೊಸಬರು ಪಕ್ಕದಲ್ಲಿ ಕೂತು ಹುಟ್ಟನ್ನು ಹಿಂದಕ್ಕೆ ನೂಕುತ್ತಾರೆ, ಅದಕ್ಕೇ ತಿರುಗುತ್ತದೆ. ಹೋಗಬೇಕಾದ ಕಡೆಗೆ ಮುಖ ಮಾಡಿ ಮುಂದಿನ ಅಂಚಿನಲ್ಲಿ ಮಂಡಿ ಊರಿ. ಹುಟ್ಟನ್ನು ನೆಟ್ಟಗೆ ನೀರಿಗೆ ಇಳಿಸಿ, ಎದುರಿನ ನೀರನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಒಮ್ಮೆ ಸ್ವಲ್ಪ ಎಡಕ್ಕೆ, ಒಮ್ಮೆ ಸ್ವಲ್ಪ ಬಲಕ್ಕೆ. ಹುಟ್ಟನ್ನು ಮೇಲೆತ್ತುವ ಅವಸರ ಬೇಡ, ಅಂಚು ತಿರುಗಿಸಿ ನೀರೊಳಗೇ ಮುಂದಕ್ಕೆ ಜಾರಿಸಿ. ಸಾಣಾಪುರದ ಅಂಬಿಗರನ್ನು ಕೇಳಿದರೆ ಕೈ ಹಿಡಿದು ತೋರಿಸುತ್ತಾರೆ. ಅವರು ಕಲಿಸಿದ ತಾಸಿಗೂ ಬಾಡಿಗೆಯಷ್ಟೇ ದುಡ್ಡು ಕೊಡಿ. ಕಾಲುವೆಗೆ ನೀರು ಜೋರಾಗಿ ಬಿಟ್ಟ ದಿನ, ಹೊಳೆಗೆ ಗೇಟು ತೆಗೆದ ದಿನ ಕಲಿಯಲು ಇಳಿಯಬೇಡಿ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಗಾಳಿ ಕಮ್ಮಿ, ಆಗ ಬನ್ನಿ.